ಕಲ್ಯಾಣದ ಹೊಲಗಳಲ್ಲಿ ಹಕ್ಕಿಯ ಪಾಲು

ಬಸವಕಲ್ಯಾಣವೆಂದೊಡನೆ ಕನ್ನಡಿಗರ ಮನಸ್ಸು ಹನ್ನೆರಡನೆಯ ಶತಮಾನಕ್ಕೆ ಹರಿಯುವುದು ಸಹಜ. ಅದು ಚಾಲುಕ್ಯರ ರಾಜಧಾನಿ; ಬಸವಣ್ಣನವರ ಕಾರ್ಯಭೂಮಿ. ಯಾತ್ರಿಕರು ಕೋಟೆಯನ್ನು ನೋಡಿ, ಶರಣರ ಗವಿಗಳನ್ನು ದರ್ಶಿಸಿ, ಸಂಜೆಯ ಬಸ್ಸಿಗೆ ಹಿಂದಿರುಗುತ್ತಾರೆ. ಊರ ಸುತ್ತಲಿನ ಹೊಲಗಳತ್ತ ಕಣ್ಣು ಹಾಯಿಸುವವರು ವಿರಳ. ಆದರೆ ಇಲ್ಲಿಂದ ಆಳಿದ ಮೂರನೆಯ ಸೋಮೇಶ್ವರನು 1130ರ ಸುಮಾರಿಗೆ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಗಿಡುಗಗಳ ಬೇಟೆಯನ್ನೂ ಲಾವುಗೆಗಳ ಕಾಳಗವನ್ನೂ ವರ್ಣಿಸಿದ್ದಾನೆ. ಅಂದು ಹಕ್ಕಿಗಳ ಹಣೆಬರಹ ಅರಸನ ವಿನೋದದಲ್ಲಿತ್ತು. ಇಂದು ಅದು ರೈತನ ಬೇಸಾಯದಲ್ಲಿದೆ.

ಕೆಂಪು ನೆಲ, ಕಪ್ಪು ನೆಲ

ವೀರಭದ್ರೇಶ್ವರನ ಜಾತ್ರೆಗೆ ಹೆಸರಾದ ಹುಮನಾಬಾದಿನಿಂದ ಪುಣೆಯ ಹೆದ್ದಾರಿ ಹಿಡಿದು ಹೊರಟರೆ ಬಸವಕಲ್ಯಾಣ ಸುಮಾರು 30 ಕಿಲೋಮೀಟರು. ಹುಮನಾಬಾದಿನ ಎತ್ತರದ ಬಯಲು ಜಂಬಿಟ್ಟಿಗೆಯ ಕೆಂಪು ನೆಲ. ಕಲ್ಯಾಣದತ್ತ ಸಾಗಿದಂತೆ ಎರೆಮಣ್ಣು. ನಡುನಡುವೆ ಬೇಸಗೆಯಲ್ಲಿ ಎಲೆಯುದುರಿಸಿ ನಿಲ್ಲುವ ಮುತ್ತುಗ, ಜಾಲಿ, ಕಾರೆ, ಸೀತಾಫಲಗಳ ಕುರುಚಲು ಕಾಡು. ಮಲೆನಾಡಿನ ಹಕ್ಕಿಗೆ ಕಾಡೇ ಸರ್ವಸ್ವ. ಇಲ್ಲಿನ ಹಕ್ಕಿಗಾದರೋ ಕಾಡು ಮಲಗುವ ಮನೆ, ಹೊಲವೇ ಅಡಿಗೆಮನೆ.

ಇರುಳನ್ನು ಮರದ ಮೇಲೆ ಕಳೆದ ನವಿಲು ಬೆಳಗಾದೊಡನೆ ಕಡಲೆಯ ಹೊಲಕ್ಕಿಳಿಯುತ್ತದೆ. ಗೌಜುಗವು ಬದುವಿನ ಮುಳ್ಳುಕಂಟಿಯ ಬುಡದಲ್ಲಿ, ನೆಲದ ಮೇಲೆಯೇ ಮೊಟ್ಟೆಯಿಡುತ್ತದೆ. ನಮ್ಮ ರಾಜ್ಯಪಕ್ಷಿಯಾದ ನೀಲಕಂಠ ತಂತಿಯ ಮೇಲೆ ಕುಳಿತು ಮಿಡತೆಗಾಗಿ ಹೊಂಚುತ್ತದೆ. ಚಳಿಗಾಲಕ್ಕೆ ದೂರದ ಮಧ್ಯ ಏಷ್ಯದಿಂದ ಗುಲಾಬಿ ಕಬ್ಬಕ್ಕಿಗಳು ಹಿಂಡುಹಿಂಡಾಗಿ ಬಂದು ಜೋಳದ ತೆನೆಗೆ ಎರಗುತ್ತವೆ. ರೈತ ಕವಣೆ ಬೀಸಿ ಅವನ್ನು ಅಟ್ಟುವುದೂ ಉಂಟು. ತೆನೆ ತಿನ್ನುವ ಅದೇ ಕಬ್ಬಕ್ಕಿ ಮಿಡತೆಯ ಪರಮ ಶತ್ರುವೆಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಚರಗದ ಅರ್ಥ

ಹಕ್ಕಿಯ ಲೆಕ್ಕವನ್ನು ಈ ಸೀಮೆಯ ಹಿರಿಯರು ಬಲ್ಲವರೇ. ಎಳ್ಳಮಾವಾಸ್ಯೆಯಂದು ಬೀದರ ಜಿಲ್ಲೆಯ ಊರುಗಳಲ್ಲಿ ಮನೆಮಂದಿಯೆಲ್ಲ ಭಜ್ಜಿ, ಸಜ್ಜೆರೊಟ್ಟಿ, ಅಂಬಲಿಗಳ ಬುತ್ತಿಯೊಡನೆ ಹೊಲಕ್ಕೆ ಹೋಗುತ್ತಾರೆ. ಭೂತಾಯಿಯನ್ನು ಪೂಜಿಸಿ, ಹೊಲದ ಸುತ್ತ ಚರಗ ಚೆಲ್ಲುತ್ತಾರೆ. ಆ ವೇಳೆಗೆ ತೊಗರಿ ಕಾಯಿಗಟ್ಟಿರುತ್ತದೆ. ಕಾಯಿಕೊರಕ ಹುಳುವಿನ ಕಾಟವೂ ಅದೇ ದಿನಗಳಲ್ಲಿ. ಚರಗದ ಅನ್ನಕ್ಕೆ ಬಂದ ಗೊರವಂಕ ಹುಳುವನ್ನೂ ಬಿಡದು. ಇಂದಿನ ಕೃಷಿತಜ್ಞರು, ಕಾಜಾಣದಂಥ ಹಕ್ಕಿಗಳು ಕುಳಿತು ಹುಳು ಹಿಡಿಯಲೆಂದು, ತೊಗರಿಯ ನಡುವೆ ಕವಲುಕೋಲು ನೆಡಲು ಹೇಳುತ್ತಾರೆ. ಹಳೆಯ ಆಚಾರಕ್ಕೂ ಹೊಸ ಶಾಸ್ತ್ರಕ್ಕೂ ಇಲ್ಲಿ ಜಗಳವಿಲ್ಲ.

ಈ ಹುಳುವನ್ನು ಅಲ್ಪವೆಂದು ಬಗೆಯಲಾಗದು. 1997-98ರಲ್ಲಿ ಅದರ ಹಾವಳಿಗೆ ಬೀದರ, ಕಲಬುರ್ಗಿ ಸೀಮೆಗಳ ತೊಗರಿ ಹಾಳಾಯಿತು. ಮೇಲಿಂದ ಮೇಲೆ ಔಷಧಿ ಸಿಂಪಡಿಸಿದರೂ ಹುಳು ಜಗ್ಗಲಿಲ್ಲ. ವಿಷವನ್ನು ತಾಳಿಕೊಳ್ಳುವ ಶಕ್ತಿ ಅದಕ್ಕೆ ಬಂದಿತ್ತು. ಸಾಲಕ್ಕೆ ಸಿಕ್ಕಿ ಪ್ರಾಣ ಕಳೆದುಕೊಂಡ ರೈತರೂ ಉಂಟು. ವಿಷಕ್ಕೆ ಪಳಗಿದ ಹುಳು ಹಕ್ಕಿಯ ಕೊಕ್ಕಿಗೆ ಪಳಗುವುದಿಲ್ಲ.

ಬದಲಾದ ಬೇಸಾಯ

ಈಚಿನ ದಶಕಗಳಲ್ಲಿ ಹೊಲದ ಬಣ್ಣವೇ ಬದಲಾಗಿದೆ. ಜೋಳ, ಹೆಸರು, ಉದ್ದುಗಳು ಬೆರೆತಿದ್ದ ಎಷ್ಟೋ ಕಡೆ ಇಂದು ಸೋಯಾ ಒಂದೇ, ನೀರಿರುವಲ್ಲಿ ಕಬ್ಬು. ಟ್ರ್ಯಾಕ್ಟರು ತಿರುಗಲೆಂದು ಬದುವನ್ನು ಸವರಿದರೆ ಗೌಜುಗಕ್ಕೆ ಗೂಡಿಲ್ಲ. ಕಳೆನಾಶಕ ಹೊಡೆದರೆ ಹುಲ್ಲಿನ ಬೀಜವಿಲ್ಲ, ಹುಳುಹುಪ್ಪಟೆಯಿಲ್ಲ. ಎರೆನೆಲದ ಹೆಸರನ್ನೇ ಹೊತ್ತ ಎರೆಭೂತ ಪಕ್ಷಿ ಒಂದು ಕಾಲಕ್ಕೆ ದಖ್ಖನ್ನಿನ ಒಣ ಬಯಲುಗಳಲ್ಲಿ ಓಡಾಡಿಕೊಂಡಿತ್ತು. ಈಗ ಕರ್ನಾಟಕದಲ್ಲಿ ಅದನ್ನು ಕಾಣಬೇಕಾದರೆ ಬಳ್ಳಾರಿ ಜಿಲ್ಲೆಯ ಸಿರುಗುಪ್ಪಕ್ಕೆ ಹೋಗಬೇಕು, ಅಲ್ಲಿಯೂ ಬೆರಳೆಣಿಕೆಯಷ್ಟೇ.

ಬೇಸಾಯ ಕಿತ್ತುಕೊಂಡಂತೆ ಕೊಟ್ಟದ್ದೂ ಇದೆ. ನೀರಾವರಿಗೆಂದು ಕಟ್ಟಿದ ಕಾರಂಜಾ, ಚುಳಕಿನಾಲಾ ಜಲಾಶಯಗಳು ನೀರುಹಕ್ಕಿಗಳಿಗೆ ಆಸರೆಯಾಗಿವೆ. ಆದರೆ ನೀರಿನ ಬಾತು ತೊಗರಿಯ ಹುಳುವನ್ನು ಹೆಕ್ಕಲಾರದು. ಹೊಲದ ಹಕ್ಕಿಗೆ ಹೊಲದಲ್ಲಿಯೇ ಎಡೆ ಬೇಕು: ಒಂದು ಮಾರಗಲದ ಬದು, ಅದರ ಮೇಲೊಂದು ಬೇವು, ಅಂಚಿಗೆ ನಾಲ್ಕು ಸಾಲು ಜೋಳ. ಸಣ್ಣ ಹಿಡುವಳಿಯವನಿಗೆ ಇದೂ ಭಾರವೇ. ಆದರೂ ಔಷಧಿಯ ಅಂಗಡಿಯ ಸಾಲಕ್ಕಿಂತ ಇದು ಹಗುರ.

ಕಲ್ಯಾಣವನ್ನು ನೋಡಬಯಸುವವರು ಎಳ್ಳಮಾವಾಸ್ಯೆಯ ಸುಮಾರಿಗೆ ಹೊರಡುವುದು ಲೇಸು. ಕೋಟೆಗೆ ಅರ್ಧ ದಿನ ಸಾಕು. ಉಳಿದರ್ಧವನ್ನು ಹೊಲದ ಬದುವಿಗೆ ಮೀಸಲಿಡಿರಿ.