ಯು ಗೈಸ್

ಅಮೆರಿಕದಲ್ಲಿರುವ ಮಗ ಪ್ರತಿ ಭಾನುವಾರ ಬೆಳಿಗ್ಗೆ ಫೋನು ಮಾಡುತ್ತಾನೆ. ಮೊದಲ ಮಾತೇ ‘ಹೌ ಆರ್ ಯು ಗೈಸ್?’ ಮೊದಮೊದಲು ನನಗೆ ರೇಗುತ್ತಿತ್ತು. ನಾನು ಕಲಿತ ಇಂಗ್ಲಿಷಿನಲ್ಲಿ ಗೈ ಎಂದರೆ ಗಂಡಸು, ಅದೂ ಹೆಗಲ ಮೇಲೆ ಕೈ ಹಾಕುವಷ್ಟು ಸಲಿಗೆಯವನು. ಹೆತ್ತ ತಾಯಿಯನ್ನು ಹಾಗೆ ಕರೆಯುವುದೇ? ನನ್ನವಳು ಮಾತ್ರ ನಗುತ್ತಿದ್ದಳು. “ಬಯ್ಗುಳ ಅಲ್ಲ ತಾನೆ? ಬಿಡೀಂದ್ರೆ.”

ಕೆದಕಿ ನೋಡಿದರೆ ಒಂದು ಕಾಲಕ್ಕೆ ಅದು ಬಯ್ಗುಳವೇ! 1605ರಲ್ಲಿ ಲಂಡನ್ನಿನ ಪಾರ್ಲಿಮೆಂಟನ್ನು ದೊರೆಯ ಸಮೇತ ಉಡಾಯಿಸಲು ಹೊಂಚಿದವರಲ್ಲಿ ಗೈ ಫಾಕ್ಸ್ ಒಬ್ಬ. 36 ಪೀಪಾಯಿ ಸಿಡಿಮದ್ದನ್ನು ಕಾಯುತ್ತಿದ್ದಾಗ ಸಿಕ್ಕಿಬಿದ್ದ, ಮರುವರ್ಷ ಮರಣದಂಡನೆಯಾಯಿತು. ಮುಂದೆ ನವೆಂಬರ್ 5 ಬಂತೆಂದರೆ ಅಲ್ಲಿನ ಹುಡುಗರು ಹಳೆಬಟ್ಟೆಯ ಗೊಂಬೆ ಮಾಡಿ, ಬೀದಿಯಲ್ಲಿ ಅದನ್ನು ತೋರಿಸಿ ಕಾಸೆತ್ತಿ, ರಾತ್ರಿ ಸುಡತೊಡಗಿದರು. ಓದುತ್ತಿದ್ದಂತೆ ನಮ್ಮ ಕೇರಿಯ ಕಾಮಣ್ಣನೂ, ಅವನಿಗಾಗಿ ನಾವು ಕದ್ದ ಕಟ್ಟಿಗೆಯೂ ನೆನಪಾದವು. ಆ ಗೊಂಬೆಯೇ ಗೈ. ಹತ್ತೊಂಬತ್ತನೆಯ ಶತಮಾನದಲ್ಲಿ ವಿಕಾರವಾಗಿ ಬಟ್ಟೆ ತೊಟ್ಟವನೂ ಗೈ ಆದ. ಅಮೆರಿಕದಲ್ಲಿ ಬರಿಯ ಮನುಷ್ಯನಾಗಿ, ಬಹುವಚನದಲ್ಲಿ ಹೆಂಗಸರನ್ನೂ ಸೇರಿಸಿಕೊಂಡ. ಏಕವಚನದಲ್ಲಿ ಸಾಮಾನ್ಯವಾಗಿ ಈಗಲೂ ಗಂಡಸೇ.

ಪಾಪ, ಇಂಗ್ಲಿಷಿನವರಿಗೂ ಬೇರೆ ದಾರಿಯಿರಲಿಲ್ಲ. ‘ದೌ’ ಎಂಬ ಏಕವಚನ ಬಳಕೆ ತಪ್ಪಿದ ಮೇಲೆ ‘ಯು’ ಒಬ್ಬನಿಗೂ ಅದೇ, ಹತ್ತು ಮಂದಿಗೂ ಅದೇ. ಹತ್ತು ಮಂದಿ ಎಂದು ತಿಳಿಯಬೇಕಾದರೆ ಬಾಲ ಬೇಕು: ಅಮೆರಿಕದ ತೆಂಕಣದವರು ‘ಯಾಲ್’ ಎನ್ನುತ್ತಾರೆ, ಮಿಕ್ಕವರು ‘ಗೈಸ್’ ಅಂಟಿಸುತ್ತಾರೆ. ನಾವೇನು ಕಡಿಮೆ? ಮರ್ಯಾದೆಗೆಂದು ಒಬ್ಬನನ್ನೇ ‘ನೀವು’ ಎಂದು ಹಲವರಾಗಿಸುತ್ತೇವೆ. ಮಗ ಕನ್ನಡಕ್ಕೆ ಇಳಿದರೆ ಅವಳಿಗೆ ‘ಹೇಗಿದ್ದೀಯಮ್ಮ’, ನನಗೆ ‘ಹೇಗಿದ್ದೀರಿ’. ಇಬ್ಬರನ್ನೂ ಸೇರಿಸಿ ಕೇಳಿದರೂ ‘ಹೇಗಿದ್ದೀರಿ’ಯೇ.

ಹೋದ ಮಾಘದಲ್ಲಿ ಅವಳು ತೀರಿಕೊಂಡಳು. ಮಗ ಬಂದು, ಕರ್ಮಗಳನ್ನೆಲ್ಲ ಮುಗಿಸಿ, ಹಿಂತಿರುಗಿದ. ಆಮೇಲಿನ ಮೊದಲ ಭಾನುವಾರ ಎಂದಿನ ಹೊತ್ತಿಗೇ ಫೋನು ಬಂತು.

“ಹೌ ಆರ್ ಯು ಗೈಸ್?”

ಅಭ್ಯಾಸ. ಬಾಯಿಂದ ಜಾರಿದ್ದು ಅವನಿಗೂ ತಿಳಿಯಿತು. ಆ ಕಡೆ ಸದ್ದೇ ಇಲ್ಲ. ‘ಹೇಗಿದ್ದೀರಿ’ ಎಂದಿದ್ದರೆ ನಮ್ಮಿಬ್ಬರಿಗೂ ಏನೂ ಅನ್ನಿಸುತ್ತಿರಲಿಲ್ಲ.

“ಚೆನ್ನಾಗಿದ್ದೇವೆ ಕಣೋ,” ಎಂದೆ. “ಅಲ್ಲಿ ಚಳಿ ಹೇಗಿದೆ?”