ಗೆದ್ದವರತ್ತ ತಿರುಗಿದ ಬಾಣ

ಕೊನೆಯ ಪುಸ್ತಕ ಓದಬೇಡ ಎಂದು ಮಗಳು ಮೊದಲೇ ಎಚ್ಚರಿಸಿದ್ದಳು. ಅಮೆರಿಕದ ಲೇಖಕಿ ಸುಝಾನ್ ಕಾಲಿನ್ಸ್ ಅವರ 'ಹಂಗರ್ ಗೇಮ್ಸ್' ಸರಣಿಯ ಮೂರನೆಯ ಕಾದಂಬರಿ 'ಮಾಕಿಂಗ್‌ಜೇ' ಅದು. ಈ ಮೂರು ಕಾದಂಬರಿಗಳು 2008ರಿಂದ 2010ರ ನಡುವೆ ಪ್ರಕಟವಾದವು. ಹದಿಹರೆಯದವರ ಪುಸ್ತಕವೆಂದು ನಾನು ಮುಟ್ಟಿರಲಿಲ್ಲ. ಅವಳು ಬೇಡವೆಂದ ಮೇಲೆ ಮೂರನ್ನೂ ಓದಿದೆ.

ಮಗಳ ದೂರು ಸುಳ್ಳಲ್ಲ. ಕಥೆ ಹೇಳುವವಳು ನಾಯಕಿ ಕ್ಯಾಟ್ನಿಸ್. ಅವಳು ಪ್ರಜ್ಞೆ ತಪ್ಪಿದಾಗಲೆಲ್ಲ ಕಥೆಯೂ ಕಣ್ಣು ಮುಚ್ಚುತ್ತದೆ. ಪೀಟನನ್ನು ಸೆರೆಯಿಂದ ಬಿಡಿಸುವ ಸಾಹಸ ನಮ್ಮ ಕಣ್ಣೆದುರು ನಡೆಯುವುದಿಲ್ಲ. ನಾವು ಮೆಚ್ಚಿಕೊಂಡ ಫಿನ್ನಿಕ್ ಕೆಲವೇ ಸಾಲುಗಳಲ್ಲಿ ಸಾಯುತ್ತಾನೆ. ನಾಯಕಿಯ ವಿಚಾರಣೆಯೂ ಅವಳಿಲ್ಲದೆಯೇ ಮುಗಿಯುತ್ತದೆ.

ಆದರೂ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಕ್ರೂರ ಅಧ್ಯಕ್ಷ ಸ್ನೋನ ಅರಮನೆಯೆದುರು ಮಕ್ಕಳನ್ನು ಕೂಡಿಹಾಕಿದ್ದಾರೆ. ಆಕಾಶದಿಂದ ಬೆಳ್ಳಿಯ ಪುಟ್ಟ ಪ್ಯಾರಾಚೂಟುಗಳು ಇಳಿಯುತ್ತವೆ. ಉಡುಗೊರೆಯೆಂದು ಮಕ್ಕಳು ಕೈಚಾಚುತ್ತಾರೆ; ಅವು ಬಾಂಬುಗಳು. ಗಾಯಾಳುಗಳ ನೆರವಿಗೆ ವೈದ್ಯಕೀಯ ತಂಡ ಓಡಿಬಂದಾಗ ಉಳಿದವು ಸಿಡಿಯುತ್ತವೆ. ಆ ತಂಡದಲ್ಲಿ ಕ್ಯಾಟ್ನಿಸ್‌ಳ ತಂಗಿ ಪ್ರಿಮ್ ಇದ್ದಳು. ಯಾವ ತಂಗಿಯನ್ನು ಉಳಿಸಲು ಅಕ್ಕ ಮೊದಲ ಪುಸ್ತಕದಲ್ಲಿ ಸಾವಿನ ಆಟಕ್ಕಿಳಿದಳೋ ಆ ತಂಗಿಯೇ. ಮರುಕವನ್ನೇ ಬಲೆಯಾಗಿಸುವ ಈ ಉಪಾಯವನ್ನು ಹೊಸೆದವರು ಶತ್ರುಗಳಲ್ಲ, ಕ್ಯಾಟ್ನಿಸ್‌ಳದೇ ಪಕ್ಷದವರು. ಅವರಲ್ಲಿ ಅವಳ ಬಾಲ್ಯದ ಗೆಳೆಯ ಗೇಲ್ ಕೂಡ ಒಬ್ಬ.

ಗೆಲುವಿನ ನಂತರ ಬಂಡಾಯದ ನಾಯಕಿ ಕಾಯಿನ್, ಸೋತವರ ಮಕ್ಕಳನ್ನು ಹಿಡಿದು ಅದೇ ಆಟವನ್ನು ಇನ್ನೊಮ್ಮೆ ಆಡಿಸೋಣ ಎನ್ನುತ್ತಾಳೆ. ಸ್ನೋನನ್ನು ಕೊಲ್ಲಲು ಬಿಲ್ಲು ಹಿಡಿದು ನಿಂತ ಕ್ಯಾಟ್ನಿಸ್ ಬಾಣವನ್ನು ಕಾಯಿನ್‌ಳತ್ತ ತಿರುಗಿಸುತ್ತಾಳೆ.

ಟಿ.ವಿ.ಯಲ್ಲಿ ಒಂದು ಚಾನೆಲ್‌ನ ಸ್ಪರ್ಧೆಯಿಂದ ಇನ್ನೊಂದರ ಇರಾಕ್ ಯುದ್ಧದ ದೃಶ್ಯಗಳಿಗೆ ಹೊರಳುತ್ತಿದ್ದಾಗ ಈ ಕಥೆ ಹೊಳೆಯಿತೆಂದು ಕಾಲಿನ್ಸ್ ಹೇಳಿದ್ದಾರೆ. ಅವರ ತಂದೆ ವಿಯೆಟ್ನಾಂ ಯುದ್ಧಕ್ಕೆ ಹೋಗಿ ಬಂದವರು. ಬಹುಶಃ ಅದಕ್ಕೇ ಇಲ್ಲಿ ಯುದ್ಧ ಗೆದ್ದವರಿಗೂ ಸುಖವಿಲ್ಲ. ಕೊನೆಯಲ್ಲಿ ಕ್ಯಾಟ್ನಿಸ್‌ಳ ಮಕ್ಕಳು ಆಡುವ ಹುಲ್ಲುಗಾವಲು ಒಂದು ಸಾಮೂಹಿಕ ಸಮಾಧಿ. ಅವಳಿಗೆ ದುಃಸ್ವಪ್ನಗಳು ನಿಂತಿಲ್ಲ.

"ಇಷ್ಟೆಲ್ಲ ಆದ ಮೇಲೂ ಅವಳಿಗೆ ನೆಮ್ಮದಿ ಇಲ್ಲ. ಇದೆಂಥ ಮುಕ್ತಾಯ ಅಮ್ಮಾ?" ಎಂದು ಮಗಳು ಸಿಡುಕಿದಳು.

ನೆಮ್ಮದಿ ಸಿಕ್ಕಿದ್ದರೆ ನಾವು ಪ್ರಿಮ್‌ಳನ್ನು ಇಷ್ಟು ಹೊತ್ತಿಗೆ ಮರೆತಿರುತ್ತಿದ್ದೆವು ಎಂದೆ. ಅವಳು ಒಪ್ಪಲಿಲ್ಲ. ಆದರೆ ಮರುದಿನ ಸಂಜೆ ನೋಡಿದಾಗ ಆ ಪುಸ್ತಕ ಮತ್ತೆ ಅವಳ ಕೈಯಲ್ಲಿತ್ತು.