ಸಲಿಕೆ ಹಿಡಿದ ಭಾನುವಾರ



ಸ್ನೋ ಅಂದ್ರೆ ನಮಗೆ ಗೊತ್ತಿದ್ದಿದ್ದು ಸಿನಿಮಾ ಹಾಡು. ನಾಯಕಿ ತೆಳು ಸೀರೆಯಲ್ಲಿ ನಡುಗ್ತಾ ಕುಣೀಬೇಕು, ನಾಯಕ ಮಾತ್ರ ದಪ್ಪ ಸ್ವೆಟರ್ ಹಾಕಿರ್ತಾನೆ. ಅದನ್ನು ಸಲಿಕೆಯಲ್ಲಿ ಎತ್ತಿ ಹಾಕೋದೂ ಒಂದು ಕೆಲಸ ಅಂತ ನನಗೆ ತಿಳಿದಿದ್ದು 2016ರ ಜನವರಿಯಲ್ಲಿ, ಅಕ್ಕನ ಮಗ ನ್ಯೂಜೆರ್ಸಿಯಿಂದ ಕಳಿಸಿದ ವಿಡಿಯೋದಲ್ಲಿ.

ಶನಿವಾರ, 23ನೇ ತಾರೀಕು ಬಿದ್ದದ್ದು ಸಾಮಾನ್ಯ ಸ್ನೋ ಅಲ್ಲ. ಪಕ್ಕದ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ 27.5 ಇಂಚು, ಮೊಣಕಾಲು ದಾಟುವಷ್ಟು. ಭಾನುವಾರ ಬಿಸಿಲು ಬಂತು, ಇಡೀ ಬೀದಿ ಹೊರಗೆ ಬಂತು. ಅಲ್ಲಿ ಎಷ್ಟೋ ಊರುಗಳಲ್ಲಿ ಮನೆ ಮುಂದಿನ ಫುಟ್‌ಪಾತನ್ನು ಆ ಮನೆಯವರೇ ತೆರವು ಮಾಡಬೇಕು, ಇಲ್ಲಾಂದ್ರೆ ದಂಡ. ರಸ್ತೆಗೆ ಗಾಡಿ ಬರುತ್ತೆ. ಅದೂ ಸುಮ್ನೆ ಹೋಗಲ್ಲ, ನೀವು ಆಗಷ್ಟೇ ಬಿಡಿಸಿದ ದಾರಿಗೆ ಇನ್ನೊಂದು ಗುಡ್ಡೆ ತಳ್ಳಿ ಹೋಗುತ್ತೆ. ಆಗ ಬೀದಿಯವರೆಲ್ಲ ಸೇರಿ ಬೈದರಂತೆ.

ಎದುರು ಮನೆಯ ಅಜ್ಜಿ ಒಬ್ಬರೇ ಇದ್ದರು. ವಯಸ್ಸಾದವರು ಸ್ನೋ ಎತ್ತಲು ಹೋಗಿ ಎದೆ ಹಿಡಿದು ಬೀಳೋದುಂಟು. ಹಾಗಾಗಿ ಹುಡುಗರೆಲ್ಲ ಮೊದಲು ಅವರ ಬಾಗಿಲು ಬಿಡಿಸಿದರು. ಅಜ್ಜಿ ಅಡುಗೆಮನೆಗೇ ಕರೆದು, ಮನೆಯವರು ಕುಡಿಯೋ ಮಗ್ಗಿನಲ್ಲೇ ಬಿಸಿ ಚಾಕಲೇಟ್ ಕೊಟ್ಟರಂತೆ. ಅಕ್ಕ ಆ ಫೋಟೋ ಮೂರು ಸಲ ನೋಡಿದಳು. ನೋಡಿದ್ದು ಸ್ನೋನಲ್ಲ, ಮಗ್ಗನ್ನ. ಅವಳು ಕೂಲಿಗೆ ಹೋಗ್ತಿದ್ದ ಮನೆಯಲ್ಲಿ ಅವಳ ಲೋಟವನ್ನ ಕೊಟ್ಟಿಗೆ ಸೂರಿಗೆ ಸಿಕ್ಕಿಸಿಡ್ತಿದ್ರು.

ಆ ಬೀದಿಯಲ್ಲಿ ಇನ್ನೊಂದು ಕನ್ನಡದ ಮನೆಯೂ ಇತ್ತು. ಆ ಮನೆಯ ಯಜಮಾನನೂ ಸಲಿಕೆ ಹಿಡಿದಿದ್ದ. ಇಂಡಿಯಾದಲ್ಲಿ ಪೊರಕೆನೂ ಮುಟ್ಟಿರಲಿಕ್ಕಿಲ್ಲ, ಇದು ನನ್ನ ಅಂದಾಜು. ಇಬ್ಬರೂ ಸೇರಿ ಹೂತುಹೋಗಿದ್ದ ಕಾರೊಂದನ್ನು ಬಿಡಿಸಿದರು. ಬೆಳಗಿನಿಂದ ಬೇರೆಯವರು ಕೇಳಿದ್ದು "ಇನ್ನೊಂದು ಸಲಿಕೆ ಇದೆಯಾ" ಅಂತ. ಈತ ಕೇಳಿದ್ದು, "ನಿಮ್ಮ ಮನೆದೇವ್ರು ಯಾವುದು?"

ಅವತ್ತಿಗೆ ರೋಹಿತ್ ವೇಮುಲ ಹೋಗಿ ಸರಿಯಾಗಿ ಒಂದು ವಾರ. ಹೈದರಾಬಾದ್ ವಿಶ್ವವಿದ್ಯಾಲಯದ ಹಾಸ್ಟೆಲಿನಿಂದ ಹೊರಹಾಕಿಸಿಕೊಂಡ ಐವರು ದಲಿತ ವಿದ್ಯಾರ್ಥಿಗಳು ಜನವರಿ ಚಳಿಯಲ್ಲಿ ಬಯಲಲ್ಲೇ ಮಲಗಿ, ಆ ಜಾಗಕ್ಕೆ ವೆಲಿವಾಡ ಅಂತ ಹೆಸರಿಟ್ಟಿದ್ದರು. ನಮ್ಮ ಮಾತಲ್ಲಿ ಹೊಲಗೇರಿ. ನಾವಿಲ್ಲಿ ಪ್ರತಿಭಟನೆಗೆ ಬ್ಯಾನರ್ ಬರೆಸ್ತಾ ಇದ್ವಿ, ಹುಡುಗನಿಗೂ ಎಲ್ಲಾ ಗೊತ್ತಿತ್ತು.

"ಮಾವ, ಹೇಳಿಬಿಟ್ಟೆ" ಅಂದ ಫೋನಲ್ಲಿ. "ನಮ್ಮದು ಹೊಲಗೇರಿ ಸರ್, ಮನೆದೇವ್ರು ಬಾಬಾಸಾಹೇಬ್ರು ಅಂದೆ."

ಆತ "ಓ, ವೆರಿ ಗುಡ್" ಅಂದು ಸಲಿಕೆ ಎತ್ಕೊಂಡು ಮನೆ ಕಡೆ ನಡೆದನಂತೆ. 2023ರಲ್ಲಿ ಸಿಯಾಟಲ್ ನಗರ ಜಾತಿ ತಾರತಮ್ಯವನ್ನು ನಿಷೇಧಿಸಿದಾಗ "ಅಮೆರಿಕದಲ್ಲಿ ಜಾತಿ ಎಲ್ಲಿದೆ?" ಅಂತ ಕೂಗಾಡಿದವರನ್ನು ನೋಡಿ ನನಗೆ ನೆನಪಾಗಿದ್ದು ಈ ವೆರಿ ಗುಡ್ಡೇ.

ಆತನ ಮಗಳಿಗೆ ಆರೋ ಏಳೋ ವರ್ಷ. ಸಂಜೆವರೆಗೂ ಪ್ಲಾಸ್ಟಿಕ್ ತಟ್ಟೆ ಮೇಲೆ ಕೂತು, ನಮ್ಮ ಹುಡುಗನ ಕೈಲಿ ತಳ್ಳಿಸ್ಕೊಂಡು ದಿಬ್ಬದಿಂದ ಜಾರ್ತಾನೇ ಇದ್ದಳಂತೆ. ಅಪ್ಪ ಎರಡು ಸಲ ಕರೆದ. ಹೋಗಲಿಲ್ಲ.